ಯಾರ ಕಿವಿಗೂ ಬೀಳದ ಮೂಲ ಜರ್ಮಾನಿಕ್ ಕ್ರಿಯಾಪದಗಳನ್ನು ಇವರು ಹೇಗೆ ಕಟ್ಟುತ್ತಾರೆ?

ದಾದಿ_ಉಡುಪಿ

ಎಲ್ಲರಿಗೂ ನಮಸ್ಕಾರ. ನಾನು ನರ್ಸ್. ಜರ್ಮನಿಯಲ್ಲಿ ಕೆಲಸಕ್ಕೆ ಸೇರುವುದಕ್ಕಾಗಿ ಬಿ1 ಎಂಬ ಮಟ್ಟದ ಜರ್ಮನ್ ಭಾಷಾ ಪರೀಕ್ಷೆಗೆ ಓದುತ್ತಿದ್ದೇನೆ. ಸಿಂಗೆನ್, ಸಾಂಗ್, ಗೆಸುಂಗೆನ್; ಬಿಂಡೆನ್, ಬಾಂಡ್, ಗೆಬುಂಡೆನ್; ಶ್ಲಾಫೆನ್, ಶ್ಲೀಫ್, ಗೆಶ್ಲಾಫೆನ್ ಎಂದು ಉದ್ದದ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ. ಇಷ್ಟು ಸಾಲದು ಎಂಬಂತೆ, ‘ಎರ್ ಮಾಖ್ಟ್’ (ಅವನು ಮಾಡುತ್ತಾನೆ) ಎನ್ನುವಲ್ಲಿ ಕೊನೆಗೆ ಬರುವ ಟ್, ‘ಎರ್ ಕಾನ್’ (ಅವನಿಗೆ ಆಗುತ್ತದೆ), ‘ಎರ್ ವೈಸ್’ (ಅವನಿಗೆ ಗೊತ್ತು) ಎನ್ನುವಲ್ಲಿ ಮಾಯವಾಗುತ್ತದೆ. ಏಕೆಂದು ಕೇಳಿದರೆ ತರಗತಿಯಲ್ಲಿ ಸಿಗುವ ಉತ್ತರ ಒಂದೇ: ಅದು ಹಾಗೇ, ಬಾಯಿಪಾಠ ಮಾಡಿ.

ಕುತೂಹಲಕ್ಕೆ ಹುಡುಕಿದಾಗ ಜರ್ಮನ್, ಇಂಗ್ಲಿಷ್ ಮುಂತಾದವುಗಳ ತಾಯಿಯೆನ್ನುವ ‘ಮೂಲ ಜರ್ಮಾನಿಕ್’ ಎಂಬ ಭಾಷೆಯ ರೂಪಗಳು ಸಿಕ್ಕವು. ಪ್ರತಿಯೊಂದರ ಮುಂದೆಯೂ ಒಂದು ನಕ್ಷತ್ರ ಚಿಹ್ನೆ. ಎಲ್ಲಿಯೂ ಬರೆದಿಟ್ಟಿಲ್ಲದ ರೂಪಕ್ಕೆ ಆ ಚಿಹ್ನೆಯಂತೆ. ಬರೆದಿಲ್ಲ, ಕೇಳಿದವರಿಲ್ಲ, ಆದರೂ ಎಲ್ಲ ಪುರುಷ, ವಚನಗಳ ರೂಪಗಳನ್ನು ಕೋಷ್ಟಕ ಹಾಕಿ ಕೊಟ್ಟಿದ್ದಾರೆ! ಇದು ಊಹೆಯೇ, ಅಥವಾ ಇದಕ್ಕೆ ಏನಾದರೂ ಲೆಕ್ಕಾಚಾರವಿದೆಯೇ? ಬಲ್ಲವರು ತಿಳಿಸಬೇಕು.

ಕಂಠಪಾಠ

ಮೇಡಂ, ಪರೀಕ್ಷಕರು ಯಾರೂ ನಕ್ಷತ್ರದ ಬಗ್ಗೆ ಕೇಳುವುದಿಲ್ಲ. ಪಟ್ಟಿ ಉರು ಹೊಡೆಯಿರಿ, ವೀಸಾ ಕೈಗೆ ಬರಲಿ. ಇತಿಹಾಸ ಆಮೇಲೆ.

ಧಾತುಪಾಠ

ಉರು ಹೊಡೆಯುವುದು ಸುಲಭವಾಗಬೇಕಾದರೂ ಇತಿಹಾಸ ಸಹಾಯಕ್ಕೆ ಬರುತ್ತದೆ, ಕಂಠಪಾಠ ಅವರೇ. ನಾನು ಶಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದವನು. ಜರ್ಮನ್ ಮಾತನಾಡಲು ಬಾರದು, ಅದರ ಧಾತುಗಳ ಹುಚ್ಚು ಮಾತ್ರ ಇದೆ.

ತಂಗಿ, ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ದೇವಸ್ಥಾನದಲ್ಲಿ ಮಂತ್ರಪುಷ್ಪ ಹೇಳುವಾಗ ‘ಯ ಏವಂ ವೇದ’ ಎಂದು ಮತ್ತೆ ಮತ್ತೆ ಬರುವುದನ್ನು ಕೇಳಿರುತ್ತೀರಿ. ಹೀಗೆಂದು ಯಾರು ತಿಳಿದಿದ್ದಾನೋ ಅವನು ಎಂದು ಅರ್ಥ. ಅಲ್ಲಿರುವ ‘ವೇದ’ ಗ್ರಂಥದ ಹೆಸರಲ್ಲ, ವಿದ್ ಧಾತುವಿನ ಕ್ರಿಯಾಪದ. ರೂಪ ನೋಡಿದರೆ ಲಿಟ್, ಅಂದರೆ ಭೂತಕಾಲದ್ದು. ಅರ್ಥ ಮಾತ್ರ ವರ್ತಮಾನದ್ದು. ‘ಕಂಡಿದ್ದಾನೆ, ಆದ್ದರಿಂದ ಬಲ್ಲ’ ಎಂಬ ಬಗೆ. ಜರ್ಮನ್ ‘ವೈಸ್’ ಇದೇ ಪದ. ಜರ್ಮನ್ನಿನ ಸೋದರಿಯಾದ, ಈಗ ಅಳಿದುಹೋಗಿರುವ ಗಾಥಿಕ್ ಭಾಷೆಯಲ್ಲಿ ಅದು ವೈಟ್. ಸಂಸ್ಕೃತದ ದ್ ಜರ್ಮಾನಿಕ್ ಭಾಷೆಗಳಲ್ಲಿ ಟ್ ಆಗುತ್ತದೆ. ಜರ್ಮನ್‌ನಲ್ಲಿ ಆ ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸ್ ಆಗಿದೆ.

ಈಗ ಸಾಲಾಗಿ ಇಟ್ಟು ನೋಡಿ. ಸಂಸ್ಕೃತ: ವೇದ (ನಾನು ಬಲ್ಲೆ), ವೇತ್ಥ (ನೀನು ಬಲ್ಲೆ), ವೇದ (ಅವನು ಬಲ್ಲ), ವಿದ್ಮ (ನಾವು ಬಲ್ಲೆವು). ಗಾಥಿಕ್: ವೈಟ್, ವೈಸ್ಟ್, ವೈಟ್, ವಿಟುಮ್. ಜರ್ಮನ್: ವೈಸ್, ವೈಸ್ಟ್, ವೈಸ್, ವಿಸ್ಸೆನ್. ನಾನು ಮತ್ತು ಅವನು ಎನ್ನುವಲ್ಲಿ ಮೂರೂ ಭಾಷೆಗಳಲ್ಲಿ ರೂಪ ಒಂದೇ. ಬಹುವಚನಕ್ಕೆ ಬಂದಾಗ ಒಳಗಿನ ಸ್ವರ ಮೂರರಲ್ಲಿಯೂ ಕುಗ್ಗಿ ಇ ಆಗುತ್ತದೆ. ಹೀಗೆ ಹಳೆಯ ಭೂತಕಾಲವನ್ನೇ ವರ್ತಮಾನವಾಗಿ ಬಳಸುವ ಕ್ರಿಯಾಪದಗಳ ಸಣ್ಣ ಗುಂಪೊಂದು ಜರ್ಮಾನಿಕ್‌ನಲ್ಲಿದೆ. ಕಾನ್ ಆ ಗುಂಪಿನದು. ಇಂಗ್ಲಿಷಿನ ಕ್ಯಾನ್, ಮೇ, ಶಲ್ ಕೂಡ. ‘ಹಿ ಕ್ಯಾನ್ಸ್’ ಎಂದು ಯಾರೂ ಹೇಳದಿರುವುದಕ್ಕೆ ಕಾರಣ ಇದೇ.

ದಾದಿ_ಉಡುಪಿ

ಅಬ್ಬಾ, ‘ದು ವೈಸ್ಟ್’ನಲ್ಲಿರುವ ಟ್ ಸಂಸ್ಕೃತದ ಥ ಆಗಿತ್ತೇ! ಇದನ್ನು ಇನ್ನು ಮರೆಯುವ ಮಾತೇ ಇಲ್ಲ. ಆದರೆ ಗುರುಗಳೇ, ನಕ್ಷತ್ರದ ವಿಷಯ ಉಳಿಯಿತು.

ಅನುಮಾನ_ಪುರುಷ

ನಕ್ಷತ್ರದ ವಿಷಯ ನಾನು ಹೇಳುತ್ತೇನೆ. 19ನೆಯ ಶತಮಾನದ ಪಂಡಿತರು ಕೂತಲ್ಲೇ ಹೆಣೆದ ಭಾಷೆ ಅದು. ನಾಲ್ಕು ಭಾಷೆಗಳ ಪದಗಳನ್ನು ಮುಂದಿಟ್ಟುಕೊಂಡು ನಾಲ್ಕಕ್ಕೂ ಹೊಂದುವ ಐದನೆಯದನ್ನು ಹುಟ್ಟಿಸುವುದು, ಆಮೇಲೆ ನಾಲ್ಕೂ ಇದರಿಂದಲೇ ಬಂದವು ಎನ್ನುವುದು. ಇದು ಸುತ್ತಿ ಸುತ್ತಿ ಅಲ್ಲಿಗೇ ಬರುವ ವಾದವಲ್ಲವೇ?

ಗಾಥಿಕ್_ಗೀಳು

ಅನುಮಾನ ಅವರೇ, ವಾದಕ್ಕೆ ಮೊದಲು ಸಾಮಗ್ರಿ ನೋಡೋಣ. (ಇಲ್ಲಿಂದ ಮುಂದೆ ನಾನು ಥ್ ಎಂದು ಬರೆದರೆ ಇಂಗ್ಲಿಷಿನ ‘ಥಿಂಕ್’ನ ಮೊದಲ ಸದ್ದು ಎಂದು ಓದಿಕೊಳ್ಳಿ.)

ಜರ್ಮಾನಿಕ್ ಭಾಷೆಗಳಲ್ಲಿ ದೊಡ್ಡ ಪ್ರಮಾಣದ ಪಠ್ಯ ಮೊದಲು ಸಿಗುವುದು ಗಾಥಿಕ್‌ನಲ್ಲಿ. 4ನೆಯ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಗ್ರೀಕ್‌ನಿಂದ ಮಾಡಿದ ಬೈಬಲ್ ಅನುವಾದ ಅದು. ನೇರಳೆ ಬಣ್ಣದ ಚರ್ಮಪತ್ರದ ಮೇಲೆ ಬೆಳ್ಳಿ, ಬಂಗಾರದ ಮಸಿಯಲ್ಲಿ ಬರೆದ ಅದರ ಪ್ರತಿ 6ನೆಯ ಶತಮಾನದ್ದು. 1648ರಲ್ಲಿ ಸ್ವೀಡನ್ನಿನ ಸೈನಿಕರು ಪ್ರಾಗ್‌ನಿಂದ ಹೊತ್ತು ತಂದದ್ದು ಈಗ ಉಪ್ಸಾಲದಲ್ಲಿದೆ. ಅದರದೇ ಒಂದು ಹಾಳೆ 1970ರಲ್ಲಿ ಜರ್ಮನಿಯ ಸ್ಪೈಯರ್ ಚರ್ಚಿನಲ್ಲಿ ಸಿಕ್ಕಿತು. ಇದರ ಜೊತೆಗೆ ಹಳೆಯ ಇಂಗ್ಲಿಷ್, ಹಳೆಯ ಸ್ಯಾಕ್ಸನ್, ಹಳೆಯ ಮೇಲ್ಜರ್ಮನ್, ಹಳೆಯ ನಾರ್ಸ್ ಗ್ರಂಥಗಳಿವೆ. ಅವಕ್ಕಿಂತ ಹಿಂದಿನ, ಜರ್ಮಾನಿಕ್ ಜನರ ಹಳೆಯ ಅಕ್ಷರಗಳಾದ ರೂನ್ ಲಿಪಿಯ ಚಿಕ್ಕ ಚಿಕ್ಕ ಶಾಸನಗಳಿವೆ.

‘ಹೊರು’ ಎಂಬರ್ಥದ ಧಾತು ಗಾಥಿಕ್‌ನಲ್ಲಿ ಹೀಗೆ ನಡೆಯುತ್ತದೆ: ಬೆರ, ಬೆರಿಸ್, ಬೆರಿಥ್, ಬೆರಮ್, ಬೆರಿಥ್, ಬೆರಂದ್. ಧಾತುಪಾಠ ಗುರುಗಳು ನಗುತ್ತಿರಬೇಕು. ಭರಾಮಿ, ಭರಸಿ, ಭರತಿ. ಭರಾಮಃ, ಭರಥ, ಭರಂತಿ. ‘ಹೊರಲ್ಪಡುತ್ತದೆ’ ಎನ್ನಲು ಗಾಥಿಕ್‌ನಲ್ಲಿ ‘ಬೆರದ’. ಸಂಸ್ಕೃತದ ಆತ್ಮನೇಪದ ‘ಭರತೇ’. ‘ನಾವಿಬ್ಬರೂ ಹೊರುತ್ತೇವೆ’ ಎನ್ನಲು ದ್ವಿವಚನವೂ ಇದೆ: ಬೆರೋಸ್, ಭರಾವಃ. ಸಾವಿರಾರು ಮೈಲಿ ದೂರದ ಎರಡು ಭಾಷೆಗಳು ಇಷ್ಟು ಕೋಣೆಗಳಲ್ಲಿ ಒಟ್ಟಿಗೆ ಆಕಸ್ಮಿಕವಾಗಿ ಹೊಂದುವುದು ಸಾಧ್ಯವೇ?

ಅನುಮಾನ_ಪುರುಷ

ಸಂಬಂಧವಿದೆ ಎಂಬುದನ್ನು ನಾನು ಎಲ್ಲಿ ಅಲ್ಲಗಳೆದೆ? ಸಂಬಂಧವಿದೆ ಎನ್ನುವುದು ಬೇರೆ, ಎರಡು ಸಾವಿರ ವರ್ಷದ ಹಿಂದೆ ಡೆನ್ಮಾರ್ಕಿನ ರೈತ ಹೀಗೇ ಉಚ್ಚರಿಸುತ್ತಿದ್ದ ಎಂದು ನಕ್ಷತ್ರ ಹಾಕಿ ಬರೆಯುವುದು ಬೇರೆ.

ಲೆಕ್ಕಿಗ

ನಾನು ಸಾಫ್ಟ್‌ವೇರಿನವನು, ಭಾಷಾಶಾಸ್ತ್ರ ಗೊತ್ತಿಲ್ಲ. ಒಂದು ಅನುಮಾನ: ಐದು ಭಾಷೆಗಳಿವೆ, ಮೂರರಲ್ಲಿ ದ್ ಇದೆ, ಎರಡರಲ್ಲಿ ಥ್ ಇದೆ ಎಂದುಕೊಳ್ಳಿ. ಬಹುಮತಕ್ಕೆ ಗೆಲುವೇ? ಅಥವಾ ಎಲ್ಲಕ್ಕಿಂತ ಹಳೆಯ ಭಾಷೆ ಹೇಳಿದ್ದೇ ಅಂತಿಮವೇ?

ಗಾಥಿಕ್_ಗೀಳು

ಎರಡೂ ಅಲ್ಲ. ಎಲ್ಲ ರೂಪಗಳೂ ನಿಯಮ ತಪ್ಪದೆ ಯಾವ ಒಂದು ರೂಪದಿಂದ ಇಳಿದು ಬರಲು ಸಾಧ್ಯವೋ ಅದಕ್ಕೆ ನಕ್ಷತ್ರ. ಹಾಗೆ ಇಳಿದು ಬರದ ರೂಪವಿದ್ದರೆ, ಅದು ಏಕೆ ದಾರಿ ಬಿಟ್ಟಿತು ಎಂದು ಕಾರಣ ಕೊಡಬೇಕು. ಹಳೆಯದೇ ಹೆಚ್ಚು ಮೂಲಕ್ಕೆ ಹತ್ತಿರ ಎಂಬುದಂತೂ ಎಷ್ಟೋ ಕಡೆ ತಲೆಕೆಳಗಾಗಿದೆ. ಗಾಥಿಕ್ ಅಳಿಸಿ ಹಾಕಿದ್ದನ್ನು ನಾಲ್ಕು ಶತಮಾನ ತಡವಾಗಿ ಬರವಣಿಗೆಗೆ ಬಂದ ಹಳೆಯ ಇಂಗ್ಲಿಷ್ ಉಳಿಸಿಕೊಂಡಿದೆ. ವೆರ್ನರ್ ಕಥೆಯನ್ನು ಗುರುಗಳೇ ಹೇಳಲಿ, ಅದಕ್ಕೆ ವೇದಪಾಠದ ಉದಾತ್ತ (ಏರುದನಿ), ಅನುದಾತ್ತ (ಇಳಿದನಿ) ಗೊತ್ತಿರುವವರು ಬೇಕು.

ಧಾತುಪಾಠ

ಹೇಳುತ್ತೇನೆ, ಸ್ವಲ್ಪ ಉದ್ದವಾದೀತು.

ಯಾಕೋಬ್ ಗ್ರಿಮ್, ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಅದೇ ಅಣ್ಣತಮ್ಮಂದಿರಲ್ಲಿ ಹಿರಿಯವನು, 1822ರಲ್ಲಿ ಒಂದು ವರ್ಗ ಪಲ್ಲಟವನ್ನು ವಿವರಿಸಿದ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಲ್ಲಿ ಪ್ ಇರುವಲ್ಲಿ ಜರ್ಮಾನಿಕ್‌ನಲ್ಲಿ ಫ್, ತ್ ಇರುವಲ್ಲಿ ಥ್, ಹೀಗೆ. ಆದರೆ ಅಪವಾದಗಳು ಗುಡ್ಡೆ ಬಿದ್ದವು. ಭ್ರಾತೃವಿನ ತ್ ಗಾಥಿಕ್‌ನಲ್ಲಿ ನಿಯಮದಂತೆ ಥ್ ಆಗಿ ‘ಬ್ರೋಥರ್’ ಆದರೆ, ಪಿತೃವಿನ ತ್ ಮಾತ್ರ ದ್ ಆಗಿ ‘ಫದರ್’ ಆಗಿದೆ. ಕ್ರಿಯಾಪದಗಳಲ್ಲಿ ಇದು ಇನ್ನೂ ವಿಚಿತ್ರ. ಒಂದೇ ಧಾತು, ಏಕವಚನದಲ್ಲಿ ಒಂದು ವ್ಯಂಜನ, ಬಹುವಚನದಲ್ಲಿ ಇನ್ನೊಂದು.

ನಾವು ‘ವರ್ತಿಸು’ ಎನ್ನುತ್ತೇವಲ್ಲ, ಅದರ ಮೂಲವಾದ ವೃತ್ ಧಾತುವೇ ಜರ್ಮನ್ನಿನ ‘ವೆರ್ಡೆನ್’ (ಆಗು). ಹಳೆಯ ಇಂಗ್ಲಿಷಿನಲ್ಲಿ ‘ಅವನು ಆದನು’ ಎನ್ನಲು ವೆಅರ್ಥ್, ‘ಅವರು ಆದರು’ ಎನ್ನಲು ವುರ್ದೊನ್. ಮೊದಲನೆಯದರಲ್ಲಿ ಥ್, ಎರಡನೆಯದರಲ್ಲಿ ದ್. ಡೆನ್ಮಾರ್ಕಿನ ಕಾರ್ಲ್ ವೆರ್ನರ್ ಇದನ್ನು ವೈದಿಕ ಸ್ವರದ ಪಕ್ಕದಲ್ಲಿಟ್ಟು ನೋಡಿದ. ವೈದಿಕದಲ್ಲಿ ‘ವವರ್ತ’ ಎನ್ನುವಾಗ ಉದಾತ್ತ ಧಾತುವಿನ ಮೇಲೆ, ಅಂದರೆ ‘ವರ್’ ಮೇಲೆ. ಬಹುವಚನದ ‘ವವೃತಿಮ’ ಎನ್ನುವಾಗ ಉದಾತ್ತ ಜಾರಿ ಕೊನೆಯ ‘ಮ’ದ ಮೇಲೆ ಕೂರುತ್ತದೆ. ಉದಾತ್ತ ಸ್ವರದ ಬೆನ್ನಿಗೇ ಬಂದ ಥ್ ಹಾಗೇ ಉಳಿಯಿತು. ಹಿಂದಿನ ಸ್ವರ ಉದಾತ್ತವಲ್ಲದಿದ್ದರೆ ಅದು ಮೆದುವಾಗಿ ದ್ ಆಯಿತು. ಭ್ರಾತೃ, ಪಿತೃಗಳ ಭೇದವೂ ಇದೇ: ಮೊದಲನೆಯದರಲ್ಲಿ ಉದಾತ್ತ ‘ಭ್ರಾ’ ಮೇಲೆ, ಎರಡನೆಯದರಲ್ಲಿ ಕೊನೆಯ ಅಕ್ಷರದ ಮೇಲೆ.

ಈಗ ಅನುಮಾನ ಅವರು ಗಮನಿಸಬೇಕಾದ ಸಂಗತಿ. ನಮಗೆ ಸಿಕ್ಕ ಜರ್ಮಾನಿಕ್ ಭಾಷೆಗಳಲ್ಲಿ ಒತ್ತು ಪದದ ಮೊದಲಲ್ಲೇ ಗಟ್ಟಿಯಾಗಿ ಕೂತಿದೆ. ಓಡಾಡುವ ಉದಾತ್ತ ಅವುಗಳಲ್ಲಿ ಎಂದೋ ಸತ್ತುಹೋಗಿದೆ. ಆದರೂ ಅದು ಎಲ್ಲಿತ್ತು ಎಂಬುದನ್ನು ಆ ವ್ಯಂಜನಗಳೇ ಸಾಕ್ಷಿ ಹೇಳುತ್ತಿವೆ, ಅದೂ ಹಿಮಾಲಯದ ಈಚೆ ವೇದಪಾಠಕರು ಬಾಯಿಂದ ಬಾಯಿಗೆ ಉಳಿಸಿಕೊಂಡ ಸ್ವರಕ್ಕೆ ಸರಿಯಾಗಿ. 1877ರಲ್ಲಿ ಅಚ್ಚಾದ ಆ ಲೇಖನದ ಹೆಸರೇ ‘ಮೊದಲ ವರ್ಗ ಪಲ್ಲಟದ ಒಂದು ಅಪವಾದ’ ಎಂದು.

ಕೊನೆಯದಾಗಿ ಒಂದು ತುಣುಕು. ಇಂಗ್ಲಿಷಿನ ‘ವಾಸ್’, ‘ವರ್’ ಇವೆಯಲ್ಲ, ಒಂದರಲ್ಲಿ ಸ್, ಇನ್ನೊಂದರಲ್ಲಿ ರ್. ಇದೇ ನಿಯಮದ ಪಳೆಯುಳಿಕೆ ಅದು. ಧಾತು ನಮ್ಮ ‘ವಾಸ’ದ ವಸ್.

ದಾದಿ_ಉಡುಪಿ

ಜರ್ಮನ್‌ನಲ್ಲಿ ‘ಎರ್ ವಾರ್, ಜೀ ವಾರೆನ್’ ಎರಡರಲ್ಲಿಯೂ ರ್ ಇದೆಯಲ್ಲ ಗುರುಗಳೇ?

ಗಾಥಿಕ್_ಗೀಳು

ಬಹುವಚನದ ರ್ ಏಕವಚನಕ್ಕೂ ಹಬ್ಬಿತು. ಹಳೆಯ ಮೇಲ್ಜರ್ಮನ್‌ನಲ್ಲಿ ‘ವಸ್, ವಾರುನ್’ ಎಂದೇ ಇತ್ತು. ಡಚ್ಚರು ಈಗಲೂ ‘ವಸ್, ವಾರೆನ್’ ಎನ್ನುತ್ತಾರೆ. ಲೆಕ್ಕಿಗರ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ: ಗಾಥಿಕ್‌ನಲ್ಲಿ ‘ಆದನು’ ವರ್ಥ್, ‘ಆದೆವು’ ವೊರ್ಥುಮ್. ಎರಡರಲ್ಲಿಯೂ ಥ್, ಎಲ್ಲ ಸಪಾಟು. ಹಳೆಯದನ್ನೇ ನಂಬಿದ್ದರೆ ವೆರ್ನರನ ನಿಯಮ ಕ್ರಿಯಾಪದಗಳಲ್ಲಿ ಕಾಣಿಸುತ್ತಲೇ ಇರಲಿಲ್ಲ. ಆದರೂ ಮೂಲೆಯಲ್ಲಿ ಕಸ ಉಳಿದಿದೆ: ‘ನನಗೆ ಬೇಕು’ ಎನ್ನಲು ಥರ್ಫ್, ‘ನಮಗೆ ಬೇಕು’ ಎನ್ನಲು ಥೊರ್ಬುಮ್. ಗುರುಗಳು ಹೇಳಿದ ‘ವೇದ’ ಗುಂಪಿನ ಪದವೇ ಅದು. ಹೆಚ್ಚು ಬಳಕೆಯ ಪದಗಳು ಹಳೆಯ ಚಾಳಿ ಬಿಡುವುದಿಲ್ಲ.

ಕನ್ನಡವೇ_ಮೂಲ

ಎಲ್ಲರೂ ಸಂಸ್ಕೃತ ಸಂಸ್ಕೃತ ಎನ್ನುತ್ತಿದ್ದೀರಿ. ಇಂಗ್ಲಿಷಿನ ಭೂತಕಾಲ ನೋಡಿ: ಲವ್ಡ್, ಪ್ಲೇಡ್. ಕೊನೆಗೆ ದ್. ಕನ್ನಡದ ಭೂತಕಾಲ: ಮಾಡಿದ, ಆಡಿದ, ಓದಿದ. ಕೊನೆಗೆ ದ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಜರ್ಮಾನಿಕ್ ಜನರಿಗೆ ಭೂತಕಾಲ ಕಲಿಸಿದವರು ನಾವು.

ತೌಳವ_7

ಹಾಗಾದರೆ ವೀಸಾ ಅವರೇ ನಮ್ಮ ಹತ್ತಿರ ಕೇಳಬೇಕಿತ್ತು.

ಒಗ್ಗರಣೆ

ಮೂಲ ಅವರೇ, ಇಂಗ್ಲಿಷಿನ ‘ಬ್ಯಾಡ್’ ಮತ್ತು ಪಾರ್ಸಿಯ ‘ಬದ್’ (ನಮ್ಮ ಬದ್ಮಾಷ್‌ನಲ್ಲಿರುವುದು) ಎರಡಕ್ಕೂ ಕೆಟ್ಟದ್ದು ಎಂದೇ ಅರ್ಥ, ಸದ್ದೂ ಬಹುತೇಕ ಒಂದೇ, ಭಾಷೆಗಳೂ ಸಂಬಂಧಿಗಳೇ. ಆದರೂ ಆ ಎರಡು ಪದಗಳಿಗೆ ಯಾವ ನಂಟೂ ಇಲ್ಲ. ನಂಟು ತಿಳಿಯಬೇಕಾದರೆ ಹಿಂದಕ್ಕೆ ಹೋಗಬೇಕು. ಹೋದಷ್ಟೂ ಹತ್ತಿರವಾದರೆ ನೆಂಟರು, ದೂರವಾದರೆ ಬರೀ ಮುಖಹೋಲಿಕೆ. ಇಂಗ್ಲಿಷಿನ ‘-ಎಡ್’ ಹಿಂದೆ ಹೋದರೆ ಗಾಥಿಕ್‌ನಲ್ಲಿ ಏಕವಚನ ‘-ಇದ’, ಬಹುವಚನ ‘-ಇದೇದುಮ್’. ಕನ್ನಡದಲ್ಲಿ ಹಿಂದೆ ಹೋದರೆ ಕೊಟ್ಟ, ನಕ್ಕ, ಹೊಕ್ಕ, ಬಂದ, ತಮಿಳಿನ ವಂದಾನ್. ಅದು ದ್ರಾವಿಡದ ಸ್ವಂತ ಸಂಸಾರ.

ಧಾತುಪಾಠ

ಮೆಚ್ಚಿದೆ. ಇದಕ್ಕೆ ಸೇರಿಸುತ್ತೇನೆ: ಗಾಥಿಕ್‌ನ ‘ಹಬನ್’, ಲ್ಯಾಟಿನ್‌ನ ‘ಹಬೇರೆ’, ಎರಡಕ್ಕೂ ‘ಹೊಂದಿರು’ ಎಂದೇ ಅರ್ಥ. ನೋಡಿದವರು ಅವಳಿಜವಳಿ ಎನ್ನುತ್ತಾರೆ. ಗ್ರಿಮ್ ನಿಯಮದ ಪ್ರಕಾರ ಜರ್ಮಾನಿಕ್ ಹ್‌ಗೆ ಲ್ಯಾಟಿನ್‌ನಲ್ಲಿ ಕ್ ಇರಬೇಕು. ಹಾಗಾಗಿ ಹಬನ್‌ಗೆ ಸರಿಯಾದ ಜೋಡಿ ‘ಕಪೆರೆ’ (ಹಿಡಿ). ಇಷ್ಟು ಚೆಂದದ ಹೋಲಿಕೆಯನ್ನು ಕೈಯಾರೆ ಬಿಟ್ಟುಕೊಡುವ ಶಾಸ್ತ್ರವನ್ನು ಮನಸ್ಸಿಗೆ ಬಂದಂತೆ ಹೆಣೆದದ್ದು ಎನ್ನಲಾದೀತೇ?

ಕನ್ನಡವೇ_ಮೂಲ

ನಿಮ್ಮ ಶಾಸ್ತ್ರ ನಿಮಗೆ, ನಮ್ಮ ಕಿವಿ ನಮಗೆ.

ಉತ್ತರಸಮುದ್ರ

ಡೆನ್ಮಾರ್ಕಿನಲ್ಲಿರುವ ಕನ್ನಡಿಗನ ನಮಸ್ಕಾರ. ಭೂತಕಾಲದ ದ್ ಬಗ್ಗೆ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿನ ದಕ್ಷಿಣ ಭಾಗದ ಗಾಲೆಹುಸ್ ಎಂಬಲ್ಲಿ 1639ರಲ್ಲಿ ಒಂದು, 1734ರಲ್ಲಿ ಇನ್ನೊಂದು ಬಂಗಾರದ ಕೊಂಬು ಸಿಕ್ಕವು. ಕಾಲ ಸುಮಾರು ಕ್ರಿ.ಶ. 400. ಎರಡನೆಯದರ ಬಾಯಿಯ ಸುತ್ತ ರೂನ್ ಲಿಪಿಯಲ್ಲಿ ಒಂದು ಪೂರ್ತಿ ವಾಕ್ಯವಿತ್ತು: ‘ಎಕ್ ಹ್ಲೆವಗಸ್ತಿಝ್ ಹೋಲ್ತಿಯಝ್ ಹೋರ್ನ ತವಿದೋ’. ಹೋಲ್ತಿಯಝ್‌ನಾದ ಹ್ಲೆವಗಸ್ತಿಝ್ ಎಂಬ ನಾನು ಈ ಕೊಂಬನ್ನು ಮಾಡಿದೆ ಎಂದು. ಆ ‘ತವಿದೋ’ದಲ್ಲಿ ಕಾಣುವ ದ್ ಅದೇ ಭೂತಕಾಲದ ಪ್ರತ್ಯಯ. ನಕ್ಷತ್ರದ ಹಂಗಿಲ್ಲ, ಬಂಗಾರದ ಮೇಲೆ ಕೊರೆದದ್ದು.

ದುರಂತವೆಂದರೆ 1802ರಲ್ಲಿ ನೀಲ್ಸ್ ಹೈಡೆನ್‌ರೈಕ್ ಎಂಬ ಅಕ್ಕಸಾಲಿಗ ಕೋಪನ್‌ಹೇಗನ್‌ನ ರಾಜಸಂಗ್ರಹದಿಂದ ಎರಡನ್ನೂ ಕದ್ದು ಕರಗಿಸಿಬಿಟ್ಟ. ಈಗ ವಸ್ತುಸಂಗ್ರಹಾಲಯದಲ್ಲಿರುವುದು ಹಳೆಯ ಚಿತ್ರಗಳನ್ನು ನೋಡಿ ಮಾಡಿದ ಪ್ರತಿಗಳು. ವಾಕ್ಯ ಉಳಿದದ್ದೂ ಚಿತ್ರಗಳಿಂದಲೇ.

ಅನುಮಾನ_ಪುರುಷ

ಅಂದರೆ ಕೊಂಬಿಗೂ ನಕ್ಷತ್ರ ಹಾಕಬೇಕು!

ಮಲೆನಾಡ_ಮಳೆ

ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ಹಲ್ಮಿಡಿ ಶಾಸನ. ಅಲ್ಲಿ ‘ಪಲ್ಮಡಿಉಂ ಮೂೞಿವಳ್ಳಿಉಂ ಕೊಟ್ಟಾರ್’ ಎಂದಿದೆ. ನಮ್ಮದೂ ಭೂತಕಾಲವೇ. ಅವರು ಕೊಂಬು ಮಾಡಿದರು, ನಾವು ಊರು ಕೊಟ್ಟೆವು.

ಶಿಕಾರಿ_ಪುರ

ಹಲ್ಮಿಡಿಗಿಂತ ತಾಳಗುಂದದ ಸಿಂಹಕಟಾಂಜನ ಶಾಸನ ಹಳೆಯದು, 370ರದ್ದು.

ಮಲೆನಾಡ_ಮಳೆ

ಆ ಕಾಲ ಎಲ್ಲರೂ ಒಪ್ಪಿದ್ದಲ್ಲ ಸ್ವಾಮಿ.

ನಿರ್ವಾಹಕ

ಹಲ್ಮಿಡಿ ಮತ್ತು ತಾಳಗುಂದದ ಜಗಳಕ್ಕೆ ಪ್ರತ್ಯೇಕ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಮುಂದುವರಿಸಿದರೆ ಅಳಿಸಲಾಗುವುದು.

ಲೆಕ್ಕಿಗ

ಮರಳಿ ವಿಷಯಕ್ಕೆ. ಆ ದ್ ಬಂದದ್ದು ಎಲ್ಲಿಂದ? ಸಂಸ್ಕೃತದಲ್ಲಿ ಇಂಥ ಭೂತಕಾಲ ಇಲ್ಲವಲ್ಲ.

ಗಾಥಿಕ್_ಗೀಳು

ಎಲ್ಲರೂ ಕಾದಾಡುವ ಜಾಗಕ್ಕೆ ಬಂದಿರಿ. ಸ್ವರ ಬದಲಿಸಿ ಭೂತಕಾಲ ಮಾಡುವ ಕ್ರಿಯಾಪದಗಳನ್ನು ಗ್ರಿಮ್ ‘ಪ್ರಬಲ’ ಎಂದ, ದ್ ಹಚ್ಚಿಕೊಳ್ಳುವವನ್ನು ‘ದುರ್ಬಲ’ ಎಂದ. ಪ್ರಬಲದವು ಹಳೆಯ ಆಸ್ತಿ: ಬಂಧ್ ಧಾತುವಿನ ಲಿಟ್ ‘ಬಬಂಧ’, ಗಾಥಿಕ್ ‘ಬಂದ್’, ಜರ್ಮನ್ ‘ಬಾಂಡ್’. ದುರ್ಬಲದವು ಜರ್ಮಾನಿಕ್ ಮನೆಯಲ್ಲೇ ಹುಟ್ಟಿದವು. ಗಾಥಿಕ್‌ನಲ್ಲಿ ‘ಉಳಿಸಿದೆ’ ಎನ್ನಲು ‘ನಸಿದ’. ‘ಉಳಿಸಿದೆವು’ ಎನ್ನಲು ‘ನಸಿದೇದುಮ್’. ಈ ಉದ್ದದ ‘ದೇದುಮ್’ ನೋಡಿ. ಹಳೆಯ ಮೇಲ್ಜರ್ಮನ್‌ನಲ್ಲಿ ‘ಮಾಡಿದೆವು’ ಎನ್ನಲು ‘ತಾತುಮ್’, ಹಳೆಯ ಸ್ಯಾಕ್ಸನ್‌ನಲ್ಲಿ ‘ಮಾಡಿದರು’ ಎನ್ನಲು ‘ದಾದುನ್’. ಗಾಥಿಕ್‌ನ ಏ ಆ ಭಾಷೆಗಳಲ್ಲಿ ಆ ಆಗುವುದು ನಿಯಮ. ಅಂದರೆ ‘ದೇದುಮ್’ ಎಂದರೆ ‘ಮಾಡಿದೆವು’. ಧಾತುವಿಗೆ ‘ಮಾಡು’ ಎಂಬ ಕ್ರಿಯಾಪದದ ಭೂತಕಾಲ ಅಂಟಿಕೊಂಡು ಪ್ರತ್ಯಯವಾಗಿದೆ.

ಒಗ್ಗರಣೆ

ಇದು ಕನ್ನಡಿಗರಿಗೆ ವಿವರಿಸಬೇಕಾದ ವಿಷಯವೇ ಅಲ್ಲ. ಫೋನ್ ಮಾಡಿದೆ, ಟೈಪ್ ಮಾಡಿದೆ, ಡೌನ್‌ಲೋಡ್ ಮಾಡಿದೆ. ಹೊರಗಿನಿಂದ ಬಂದ ಪದಕ್ಕೆ ನೇರವಾಗಿ ಕಾಲ ಪ್ರತ್ಯಯ ಹಚ್ಚಲು ಬಾರದಿದ್ದಾಗ ‘ಮಾಡು’ ಹೆಗಲು ಕೊಡುತ್ತದೆ. ಅವರಿಗೂ ಹೊಸದಾಗಿ ಹುಟ್ಟಿಸಿದ ಕ್ರಿಯಾಪದಗಳಲ್ಲಿ ಅದೇ ತೊಂದರೆ ಇದ್ದಿರಬೇಕು.

ಗಾಥಿಕ್_ಗೀಳು

ಹೌದು, ಒಳಗಿನ ಸ್ವರ ಬದಲಿಸಲು ಬಾರದ ಸಾಧಿತ (ಬೇರೆ ಪದದಿಂದ ಕಟ್ಟಿದ) ಕ್ರಿಯಾಪದಗಳೇ ಹೆಚ್ಚಾಗಿ ಈ ಗುಂಪಿನಲ್ಲಿವೆ. ‘ಕುಡಿ’ ಎನ್ನುವ ‘ದ್ರಿಂಕನ್’ ಪ್ರಬಲ, ‘ಕುಡಿಸು’ ಎನ್ನುವ ‘ದ್ರಂಕ್ಯನ್’ ದುರ್ಬಲ. ಇಂಗ್ಲಿಷಿನ ಸಿಟ್, ಸೆಟ್ ಜೋಡಿ ಕೂಡ ಹಾಗೆ. ನಮ್ಮ -ಇಸು ಮಾಡುವ ಕೆಲಸ.

ಧಾತುಪಾಠ

ಅಷ್ಟು ಬೇಗ ಗೆದ್ದಿರೆಂದು ಕೂರಬೇಡಿ. ‘ಕೊಳ್ಳು’ ಎನ್ನಲು ಗಾಥಿಕ್‌ನಲ್ಲಿ ‘ಬುಗ್ಯನ್’. ‘ಮಾಡು’ವಿನ ದ್ ಸೇರಿದ್ದರೆ ‘ಕೊಂಡೆ’ ಎನ್ನಲು ‘ಬುಗ್ದ’ ಆಗಬೇಕಿತ್ತು. ಗ್‌ದ್ ಒಟ್ಟಿಗೆ ಬರುವುದಕ್ಕೆ ಆ ಭಾಷೆಯಲ್ಲಿ ಅಡ್ಡಿಯಿಲ್ಲ, ‘ಗಹುಗ್ದ್ಸ್’ (ಮನಸ್ಸು) ಎಂಬ ಪದವೇ ಇದೆ. ಆದರೆ ಇರುವುದು ‘ಬೊಹ್ತ’, ಇಂಗ್ಲಿಷಿನ ‘ಬಾಟ್’. ಅಂದರೆ ಅಲ್ಲಿ ಮೂಲತಃ ತ್ ಇತ್ತು. ನಮ್ಮಲ್ಲಿ ಯುಜ್ ಧಾತುವಿಗೆ ತ ಸೇರಿದಾಗ ಜ್ ಕಠಿಣವಾಗಿ ‘ಯುಕ್ತ’ ಆಗುತ್ತದಲ್ಲ, ಅದೇ ನಡೆ. ‘ಬಲ್ಲೆ’ ಎಂಬುದರ ಭೂತಕಾಲ ‘ವಿಸ್ಸ’. ಅಲ್ಲಿಯೂ ದ್ ಜೊತೆಗೆ ತ್ ಸೇರದೆ ಸ್ಸ್ ಹುಟ್ಟುವುದಿಲ್ಲ. ‘ಕುಂಥ’ (ನನಗೆ ಗೊತ್ತಿತ್ತು) ಎಂಬುದರ ಥ್ ಬಂದದ್ದೂ ತ್‌ನಿಂದಲೇ. ಗತ, ಕೃತ, ಯುಕ್ತಗಳಲ್ಲಿರುವ ತ-ಪ್ರತ್ಯಯವೇ ಇದರ ತಾಯಿ ಎಂದು ಏಕೆ ಹೇಳಬಾರದು? 1912ರಲ್ಲಿ ಹರ್ಮನ್ ಕೊಲಿಟ್ಸ್ ಈ ಒಂದೇ ಪ್ರತ್ಯಯದ ಮೇಲೆ ಇಡೀ ಪುಸ್ತಕ ಬರೆದು ‘ಮಾಡು’ ವಾದವನ್ನು ತಳ್ಳಿಹಾಕಿದ್ದರು. ಅವರು ಹಿಡಿದ ದಾರಿ ಆತ್ಮನೇಪದದ ಲಿಟ್‌ನದು.

ಗಾಥಿಕ್_ಗೀಳು

ತ-ಪ್ರತ್ಯಯದಿಂದ ‘ದೇದುಮ್’ ಹೇಗೆ ಹುಟ್ಟುತ್ತದೆ, ಹೇಳಿ ನೋಡೋಣ. ನನ್ನ ಮಟ್ಟಿಗೆ ಉತ್ತರ ಇದು: ಭೂತಕಾಲ ‘ಮಾಡು’ವಿನಿಂದ ಬಂತು. ಬೊಹ್ತ, ವಿಸ್ಸದಂಥ ನೇರ ಧಾತುವಿಗೆ ಅಂಟಿದ ಹತ್ತಾರು ರೂಪಗಳು ಪಕ್ಕದ ಕೃದಂತವನ್ನು ನೋಡಿ ವೇಷ ಬದಲಿಸಿದವು.

ಧಾತುಪಾಠ

‘ದೇದುಮ್’ ಗಾಥಿಕ್‌ನಲ್ಲಿ ಮಾತ್ರ ಇದೆ. ಉಳಿದ ಎಲ್ಲ ಸೋದರಿಯರಲ್ಲಿ ಗಿಡ್ಡ ರೂಪ. ಗಾಥಿಕ್ ಆಮೇಲೆ ಉದ್ದ ಮಾಡಿಕೊಂಡಿರಬಾರದೇಕೆ?

ಅನುಮಾನ_ಪುರುಷ

ನೋಡಿ, ನಿಮ್ಮೊಳಗೇ ಕೂಡಿ ಬರುತ್ತಿಲ್ಲ. ಇಬ್ಬರೂ ಒಂದೇ ಪ್ರತ್ಯಯಕ್ಕೆ ಎರಡು ತಾಯಂದಿರನ್ನು ಕೊಡುತ್ತಿದ್ದೀರಿ. ಇದರ ಮೇಲೆ ನಕ್ಷತ್ರದ ಕೋಷ್ಟಕ ಬೇರೆ.

ಗಾಥಿಕ್_ಗೀಳು

ಎರಡು ಪ್ರಶ್ನೆಗಳನ್ನು ಬೆರೆಸುತ್ತಿದ್ದೀರಿ. ಮೂಲ ಜರ್ಮಾನಿಕ್‌ನಲ್ಲಿ ಏಕವಚನದ ಈ ರೂಪ ಇತ್ತೇ? ಇತ್ತು. ಗಾಥಿಕ್ ತವಿದ, ಕೊಂಬಿನ ತವಿದೋ, ಹಳೆಯ ಇಂಗ್ಲಿಷಿನ ನೆರೆದೆ, ಎಲ್ಲವೂ ಅಲ್ಲಿಗೆ ಕೂಡುತ್ತವೆ. ಈ ಬಗ್ಗೆ ಜಗಳವಿಲ್ಲ. ಅದಕ್ಕೂ ಹಿಂದೆ, ಜರ್ಮಾನಿಕ್ ಇನ್ನೂ ಜರ್ಮಾನಿಕ್ ಆಗದಿದ್ದಾಗ ಅದು ಯಾವುದರಿಂದ ಹುಟ್ಟಿತು ಎಂಬುದರಲ್ಲಿ ಜಗಳ. ಅಲ್ಲಿ ಹೋಲಿಸಲು ಸೋದರಿಯರೇ ಇಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಯಾವುದರಲ್ಲಿಯೂ ಈ ಭೂತಕಾಲವಿಲ್ಲ. ಸಾಕ್ಷಿಗಳು ಕಡಿಮೆಯಾದಲ್ಲಿ ವಾದ ಹೆಚ್ಚಾಗುತ್ತದೆ, ನ್ಯಾಯಾಲಯದಲ್ಲಿಯೂ ಹಾಗೇ ಅಲ್ಲವೇ?

ಲೆಕ್ಕಿಗ

ಒಂದು ನೇರ ಪ್ರಶ್ನೆ. ನಕ್ಷತ್ರ ಹಾಕಿದ ಮೇಲೆ, ‘ಹೌದು, ಇತ್ತು’ ಎಂದು ಹೊಸ ಸಾಕ್ಷಿ ಬಂದು ನಿಂತ ಉದಾಹರಣೆ ಇದೆಯೇ?

ಧಾತುಪಾಠ

ಇದೆ. ಸೊಸ್ಸೂರ್ ಎಂಬ ಸ್ವಿಸ್ ಭಾಷಾಶಾಸ್ತ್ರಜ್ಞ ಇಪ್ಪತ್ತೊಂದರ ಹರೆಯದಲ್ಲಿ, 1879ರ ಪುಸ್ತಕದಲ್ಲಿ, ಸಂಸ್ಕೃತ, ಗ್ರೀಕ್, ಜರ್ಮಾನಿಕ್‌ಗಳಿಗೆಲ್ಲ ತಾಯಿಯಾದ ಮೂಲ ಇಂಡೋ-ಯುರೋಪಿಯನ್‌ನಲ್ಲಿ, ಆಗ ಗೊತ್ತಿದ್ದ ಎಲ್ಲ ಭಾಷೆಗಳಲ್ಲಿಯೂ ಕಳೆದುಹೋದ ಕೆಲವು ಧ್ವನಿಗಳಿದ್ದವು ಎಂದು ಬರೀ ಸ್ವರಗಳ ಲೆಕ್ಕದಿಂದ ಹೇಳಿದ. ಜನ ನಂಬಲಿಲ್ಲ. ಟರ್ಕಿಯಲ್ಲಿ ಸಿಕ್ಕ ಹಿಟೈಟ್ (ಅದೇ ಕುಟುಂಬದ ಬಹಳ ಹಳೆಯ ಭಾಷೆ) ಫಲಕಗಳನ್ನು ಓದಿದ ಮೇಲೆ, 1927ರಲ್ಲಿ ಕುರಿವೋವಿಚ್ ಎಂಬ ಪೋಲಿಷ್ ವಿದ್ವಾಂಸ ಆ ಜಾಗಗಳಲ್ಲೇ ಹ್ ಕೂತಿರುವುದನ್ನು ತೋರಿಸಿದ. ಆ ಹೊತ್ತಿಗೆ ಸೊಸ್ಸೂರ್ ತೀರಿಕೊಂಡು ಹದಿನಾಲ್ಕು ವರ್ಷಗಳಾಗಿದ್ದವು.

ಅನುಮಾನ_ಪುರುಷ

ಅದು ಜರ್ಮಾನಿಕ್ ಅಲ್ಲವಲ್ಲ. ಆದರೂ ಒಳ್ಳೆಯ ಉದಾಹರಣೆ ಎಂದು ಇಟ್ಟುಕೊಳ್ಳುತ್ತೇನೆ.

ದಾದಿ_ಉಡುಪಿ

ನನ್ನ ಪಟ್ಟಿಯಲ್ಲಿ ಇನ್ನೊಂದು ಸಾಲು ಕಾಡುತ್ತಿದೆ. ಶ್ಲಾಫೆನ್–ಶ್ಲೀಫ್, ಲಾಸ್ಸೆನ್–ಲೀಸ್, ಹಾಲ್ಟೆನ್–ಹೀಲ್ಟ್, ಹೈಸ್ಸೆನ್–ಹೀಸ್. ಮೂಲದಲ್ಲಿ ಸ್ವರ ಯಾವುದೇ ಇರಲಿ, ಭೂತಕಾಲದಲ್ಲಿ ಈ ಬರುತ್ತದೆ. ಇದೇನು?

ಗಾಥಿಕ್_ಗೀಳು

ನನಗೆ ಎಲ್ಲಕ್ಕಿಂತ ಇಷ್ಟವಾದ ಗುಂಪನ್ನೇ ಕೇಳಿದಿರಿ. ಗಾಥಿಕ್‌ನಲ್ಲಿ ಇವು ಸಂಸ್ಕೃತದ ಲಿಟ್‌ನಂತೆ ಮೊದಲ ವ್ಯಂಜನವನ್ನು ಎರಡು ಬಾರಿ ಹೇಳುತ್ತವೆ. ‘ಕರೆ’: ಹೈಟನ್, ಹೆಹೈಟ್. ‘ಬಿಡು’: ಲೇಟನ್, ಲೆಲೋಟ್. ‘ಬಿತ್ತು’: ಸೆಸೋ. ‘ನಿದ್ರಿಸು’: ಸ್ಲೇಪನ್, ಸೆಸ್ಲೇಪ್. ಈ ಕೊನೆಯದು ಇನ್ನೊಂದು ಕಡೆ ಸೆಝ್ಲೇಪ್ ಎಂದೂ ಬಂದಿದೆ. ಸ್ ಹೋಗಿ ಝ್. ವೆರ್ನರ್ ನಿಯಮದ ನೆರಳು.

ಉಳಿದ ಭಾಷೆಗಳಲ್ಲಿ ಈ ದ್ವಿರುಕ್ತಿ ಅಳಿದಿದೆ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ ಚೂರುಗಳು ಸಿಗುತ್ತವೆ. ಹಳೆಯ ಇಂಗ್ಲಿಷಿನಲ್ಲಿ ‘ಕರೆದನು’ ಎನ್ನಲು ‘ಹೇಟ್’ ಪಕ್ಕದಲ್ಲೇ ‘ಹೆಹ್ಟ್’ ಇದೆ, ಎರಡು ಹ್‌ಗಳೂ ಜೀವಂತ. ಗಾಥಿಕ್ ‘ಲೈಕನ್, ಲೆಲೈಕ್’ (ಕುಣಿ) ಎಂಬುದಕ್ಕೆ ಅಲ್ಲಿ ‘ಲೆಓಲ್ಕ್’, ಎರಡು ಲ್‌ಗಳು. ಹಳೆಯ ನಾರ್ಸ್‌ನಲ್ಲಿ ‘ಬಿತ್ತಿದೆ’ ಎನ್ನಲು ‘ಸೆರ’: ಎರಡನೆಯ ಸ್ ಮೊದಲು ಝ್, ಆಮೇಲೆ ರ್ ಆಯಿತು. ‘ವಾಸ್, ವರ್’ನಲ್ಲಿ ನೋಡಿದ ಅದೇ ರ್. ಹೀಗೆ ಪೂರ್ವ, ಪಶ್ಚಿಮ, ಉತ್ತರ ಮೂರೂ ಶಾಖೆಗಳಿಂದ ಸಾಕ್ಷಿ ಬಂದಾಗ ಮೂಲದಲ್ಲಿ ದ್ವಿರುಕ್ತಿ ಇತ್ತೆಂದು ನಕ್ಷತ್ರ ಹಾಕಲು ಧೈರ್ಯ ಬರುತ್ತದೆ. ನಿಮ್ಮ ಶ್ಲೀಫ್, ಲೀಸ್, ಹೀಸ್‌ಗಳ ಈ ಮಾತ್ರ ಇದರಿಂದಲೇ ಕುಗ್ಗಿ ಬಂತೇ, ಬೇರೆ ದಾರಿಯಿಂದ ಬಂತೇ ಎನ್ನುವುದಕ್ಕೆ ಇನ್ನೊಂದು ಯುದ್ಧ ನಡೆಯುತ್ತಿದೆ. ಪರೀಕ್ಷೆಗೆ ಬೇಕಾದಷ್ಟು ಹೇಳುವುದಾದರೆ: ಲಿಟ್‌ನಂತೆ ‘ಅಭ್ಯಾಸ’ (ಈ ದ್ವಿರುಕ್ತಿಗೆ ಸಂಸ್ಕೃತ ವ್ಯಾಕರಣದ ಹೆಸರು) ಇದ್ದ ಗುಂಪಿಗೆ ಈಗ ‘ಈ’ ಎಂದು ನೆನಪಿಡಿ.

ಕಂಠಪಾಠ

ಅಂತೂ ಬಾಯಿಪಾಠಕ್ಕೇ ಬಂದಿರಿ.

ದಾದಿ_ಉಡುಪಿ

ಪಟ್ಟಿಯನ್ನು ಗುಂಪು ಮಾಡಿ ಹೊಸದಾಗಿ ಬರೆದುಕೊಳ್ಳುತ್ತೇನೆ. ಕೊನೆಯ ಪ್ರಶ್ನೆ, ಬೇಸರಿಸಬೇಡಿ. ಗೇಯೆನ್–ಗಿಂಗ್ (ಹೋಗು, ಹೋದ) ಯಾವ ಗುಂಪು?

ಗಾಥಿಕ್_ಗೀಳು

ಅದರಲ್ಲಿ ಎರಡು ಕ್ರಿಯಾಪದಗಳು ಸೇರಿಕೊಂಡಿವೆ. ವರ್ತಮಾನ ಒಂದರದು, ‘ಗಿಂಗ್’ ಹಳೆಯ ‘ಗಂಗನ್’ನದು. ಇಂಗ್ಲಿಷ್ ಇನ್ನೂ ದೂರ ಹೋಗಿ ‘ವೆಂಡ್’ನಿಂದ ‘ವೆಂಟ್’ ಎರವಲು ತಂದಿತು. ಗಾಥಿಕ್‌ನಲ್ಲಿ ‘ಗಂಗನ್’ಗೆ ಭೂತಕಾಲ ‘ಇದ್ದ್ಯ’, ಅದು ಮತ್ತೊಂದು ಧಾತು. ಅದರ ಹುಟ್ಟಿನ ಬಗ್ಗೆ ಬರೆಯಲು ಕೂತರೆ ನಿರ್ವಾಹಕರು ಬರುತ್ತಾರೆ. ಆದರೆ ಲೂಕನ ಸುವಾರ್ತೆ 19:12ರಲ್ಲಿ, ಇದೊಂದೇ ಕಡೆ, ‘ಗಂಗಿದ’ ಎಂದಿದೆ. ‘ಗೋ’ಗೆ ‘-ಎಡ್’ ಹಚ್ಚಿ ‘ಗೋಡ್’ ಎಂದು ಇಂಗ್ಲಿಷ್ ಮಕ್ಕಳು ಹೇಳುತ್ತಾರಲ್ಲ, ಹಾಗೆ.

ದಾದಿ_ಉಡುಪಿ

ಹಾಗಾದರೆ ನಾನು ತರಗತಿಯಲ್ಲಿ ‘ಗೇಟೆ’ ಎಂದು ಬೈಸಿಕೊಂಡದ್ದಕ್ಕೆ ಬೈಬಲ್‌ನ ಆಧಾರವಿದೆ.

ಒಗ್ಗರಣೆ

ಪರೀಕ್ಷಕರಿಗೆ ಅಧ್ಯಾಯ, ವಚನ ಸಮೇತ ತೋರಿಸಿ ಮೇಡಂ.

ಕನ್ನಡವೇ_ಮೂಲ

‘ಗಂಗಿದ’. ಕೊನೆಗೆ ‘ಇದ’. ನಾನು ಇನ್ನೇನೂ ಹೇಳುವುದಿಲ್ಲ.